ಆರು ನಲವತ್ತರ ಗೆರೆ

ಉಕ್ಕು ಸವೆಯುವಾಗ ಸದ್ದು ಮಾಡುತ್ತದೆ ಎಂದರೆ ನಮ್ಮ ಊರಿನವರು ನಗುತ್ತಾರೆ. ನಗಲಿ. ಆ ಸದ್ದು ಕೇಳುವುದಕ್ಕೇ ಸಂಬಳ ತೆಗೆದುಕೊಳ್ಳುವವಳು ನಾನು. ಲೋಹದ ಮೈಯಲ್ಲಿ ಸೂಜಿಮೊನೆಯಷ್ಟು ಗುಳಿ ಬಿದ್ದರೂ ಅಲ್ಲೊಂದು ನಡುಕ ಹುಟ್ಟಿ ಉಕ್ಕಿನೊಳಗೆ ಅಲೆಯಾಗಿ ಹರಿಯುತ್ತದೆ. ಮನುಷ್ಯರ ಕಿವಿಗೆ ಅದು ಎಟುಕುವುದಿಲ್ಲ. ಹಿಡಿದು ಹಿಗ್ಗಿಸಿದರೆ, ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ ಕೇಳಿಸುತ್ತದೆ. ತೊಟ್ಟಿಯ ಗೋಡೆ ಮೌನವಾಗಿದ್ದರೆ ನನಗೆ ನೆಮ್ಮದಿ, ಅರಳು ಸಿಡಿಯತೊಡಗಿದರೆ ಊಟ ಸೇರುವುದಿಲ್ಲ.

ನನ್ನ ಹೆಸರು ಮಹಾನಂದಾ. ಓದಿದ್ದು ಲೋಹಶಾಸ್ತ್ರ, ಮದುವೆಯಾಗಿ ಬಂದದ್ದು ಹೊಸ ಗುಳ್ಳೂರಿಗೆ. ಅಣುಸ್ಥಾವರ ಮುಚ್ಚಿ ಒಂದು ತಲೆಮಾರೇ ಕಳೆದಿದೆ. ವಿದ್ಯುತ್ತನ್ನು ಅಜ್ಜಂದಿರು ಉಂಡು ಹೋದರು, ತಳದ ಗಸಿಯನ್ನು ನಾವು ಕಾಯುತ್ತಿದ್ದೇವೆ. ಊರ ಪಕ್ಕದ ದಿಬ್ಬದ ಕೆಳಗೆ ಉಕ್ಕಿನ ಎರಡು ತೊಟ್ಟಿಗಳಿವೆ. ಒಂದೊಂದರೊಳಗೂ ಒಂದು ಕಲ್ಯಾಣ ಮಂಟಪ ಹಿಡಿಸೀತು. ಮೊದಲನೆಯದರಲ್ಲಿ ಸ್ಥಾವರದ ವಿಕಿರಣಭರಿತ ದ್ರವ ಇದೆ. ಇನ್ನೂ ಬೆಚ್ಚಗಿದೆ, ಇನ್ನೂ ನೂರಾರು ವರ್ಷ ಅದರ ಹತ್ತಿರ ಯಾರೂ ಸುಳಿಯುವಂತಿಲ್ಲ. ಅವಳಿಯಂತಿರುವ ಎರಡನೆಯದನ್ನು ಆಪತ್ತಿಗೆಂದು ಖಾಲಿ ಇಟ್ಟಿದ್ದಾರೆ.

ಊರ ಹೆಸರಿನಲ್ಲಿ 'ಹೊಸ' ಯಾಕಿದೆ ಎನ್ನುವುದನ್ನೂ ಹೇಳಬೇಕು. ಹಳೆ ಗುಳ್ಳೂರಿನ ಹತ್ತಿರ ಮೊದಲೊಂದು ತೊಟ್ಟಿ ಇತ್ತು. ಅದರ ಮಟ್ಟ ಇಳಿಯತೊಡಗಿದಾಗ ಆಗಿನ ಅಧಿಕಾರಿಗಳು, "ಬಿಸಿ ದ್ರವ, ಆವಿಯಾಗಿದೆ ಅಷ್ಟೆ" ಎಂದರು. ಆವಿಯಾದದ್ದೂ ನಿಜ, ಅದರ ಮರೆಯಲ್ಲಿ ಸೋರಿದ್ದೂ ನಿಜ. ಬಾವಿಗಳ ನೀರು ಕೆಟ್ಟು ಊರಿಗೆ ಊರೇ ಎದ್ದು ಬರಬೇಕಾಯಿತು. ಹೊಸ ತೊಟ್ಟಿ ಕಟ್ಟಿ ತುಂಬಿಸಲು ಬಂದವರ ಎದುರು ಹೆಂಗಸರು ಗೇಟಿಗೆ ಅಡ್ಡ ಕೂತರು. ಅವರ ಮುಂದಾಳು ನನ್ನ ಅತ್ತೆ ಗುರವ್ವ. ಅವರ ಕರಾರು ಇಷ್ಟು: ಮಟ್ಟ ಇಳಿಯಬಾರದು, ಏರಬಾರದು, ದಿನಾ ಊರಿನವರೇ ಬಂದು ಕಣ್ಣಾರೆ ನೋಡಬೇಕು, ಬದಲಾಯಿಸುವುದಿದ್ದರೆ ಊರ ಸಭೆ ಒಪ್ಪಬೇಕು.

ಹಾಗಾಗಿ ನಮ್ಮಲ್ಲಿ ಮಟ್ಟ ನೋಡುವ ಪಾಳಿ ಬಂತು. ದಿಬ್ಬದ ಮೇಲೆ, ಗೇಟಿನ ಪಕ್ಕ, ಒಂದು ತಗಡಿನ ಕೋಣೆ; ಅದರಲ್ಲಿ ದಪ್ಪ ಗಾಜು, ಕನ್ನಡಿಗಳ ಕೊಳವೆ. ಅದಕ್ಕೆ ಕಣ್ಣಿಟ್ಟರೆ ಒಳಗಿನ ಅಳತೆಪಟ್ಟಿ, ಅದನ್ನು ಮುಟ್ಟಿ ನಿಂತ ಕಪ್ಪು ದ್ರವ. ಆರು ಮೀಟರು ನಲವತ್ತು. ಬೆಳಗ್ಗೆ ಪಾಳಿಯ ಮನೆಯವರು ಹೋಗಿ ನೋಡಿ, ಗೇಟಿನ ಹಲಗೆಯ ಮೇಲೆ ಸುಣ್ಣದಲ್ಲಿ ಬರೆಯುತ್ತಾರೆ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಮರುದಿನ ಗಾಜಿನ ಮುಂದೆ ನಿಲ್ಲಿಸುತ್ತಾರೆ, ನನ್ನನ್ನೂ ನಿಲ್ಲಿಸಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಚಹಾ ಆಯಿತೇ ಎನ್ನುವ ಮೊದಲು "ಮಟ್ಟ ಐತಿಲ್ಲ?" ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಆರು ನಲವತ್ತು ಬಿಟ್ಟು ಇನ್ನೊಂದು ಅಂಕಿಯನ್ನು ಆ ಹಲಗೆ ಕಂಡಿರಲಿಲ್ಲ.

ಈ ವರ್ಷ ನಾವು ತೊಟ್ಟಿಯ ಹೊರಮೈಗೆ, ತಳದಿಂದ ಕುತ್ತಿಗೆಯವರೆಗೆ, ಕೇಳುಪಟ್ಟಿ ಅಂಟಿಸಿದೆವು. ವಿಕಿರಣಕ್ಕೆ ಜಗ್ಗದ ಪಿಂಗಾಣಿಯ ಪಟ್ಟಿ ಅದು. ಗೋಡೆಯ ಯಾವ ಮೂಲೆಯಲ್ಲಿ ಗುಳಿ ಬಿದ್ದರೂ ನಡುಕ ಎಲ್ಲಿಂದ ಬಂತೆಂದು ಬೆರಳಿಟ್ಟು ತೋರಿಸುತ್ತದೆ. ಸವೆತ ಹೀಗೇ ಸಾಗಿದರೆ ಗೋಡೆ ಯಾವಾಗ ಬಿಡುತ್ತದೆಂದೂ ಅಂದಾಜು ಹೇಳುತ್ತದೆ. ಮೊದಲ ವಾರ ನಿಯಂತ್ರಣ ಕೊಠಡಿಯ ಪರದೆ ಖಾಲಿ ಇರುತ್ತದೆ, ನಾವು ಪೇಡಾ ಹಂಚುತ್ತೇವೆ ಎಂದುಕೊಂಡಿದ್ದೆ. ಸ್ವಿಚ್ಚು ಒತ್ತಿದ ಕೂಡಲೇ ಅರಳು ಸಿಡಿಯತೊಡಗಿತು.

ಸಿಡಿದದ್ದಕ್ಕಿಂತ ಸಿಡಿದ ಜಾಗ ನನ್ನನ್ನು ಕಂಗೆಡಿಸಿತು. ಚುಕ್ಕೆಗಳೆಲ್ಲ ಒಂದೇ ಎತ್ತರದಲ್ಲಿ, ತೊಟ್ಟಿಯ ಸುತ್ತ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ. ಉಕ್ಕು ಇಷ್ಟು ಶಿಸ್ತಾಗಿ ಸವೆಯುವುದಿಲ್ಲ. ಯಂತ್ರಕ್ಕೇ ಹುಚ್ಚು ಹಿಡಿದಿದೆ ಎಂದುಕೊಂಡು ತಂತಿ ಬಿಚ್ಚಿ ಮತ್ತೆ ಜೋಡಿಸಿದೆ, ಪಟ್ಟಿ ಬದಲಾಯಿಸಿದೆ, ಯಾರ ಮೇಲೋ ರೇಗಿದೆ. ಆಮೇಲೆ ಆ ಗೆರೆಯ ಎತ್ತರ ಓದಿದೆ. ಆರು ನಲವತ್ತು.

ತ್ಯಾಜ್ಯಕ್ಕೆ ನಾವು ಕ್ಷಾರ ಬೆರೆಸಿಟ್ಟಿರುತ್ತೇವೆ. ಕ್ಷಾರ ಇರುವವರೆಗೆ ಉಕ್ಕಿಗೆ ಭಯವಿಲ್ಲ. ಆದರೆ ದ್ರವ ಗಾಳಿಯನ್ನು ಮುಟ್ಟುವ ಅಂಚಿನಲ್ಲಿ ಒಂದು ತೆಳು ಪೊರೆ ಗೋಡೆಗೆ ಅಂಟಿ ಮೇಲೇರಿರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಆ ಪೊರೆಯ ಕ್ಷಾರವನ್ನು ತಿಂದುಹಾಕುತ್ತದೆ. ಮಟ್ಟ ಆಗಾಗ ಮೇಲೆ ಕೆಳಗೆ ಆಡುತ್ತಿದ್ದರೆ ಅಂಚು ತೊಳೆದುಹೋಗಿ ಹೊಸ ಕ್ಷಾರ ಬಂದು ಕೂರುತ್ತದೆ. ನಮ್ಮ ತೊಟ್ಟಿಯಲ್ಲಿ ಮಟ್ಟ ಆಡಿದ್ದೇ ಇಲ್ಲ. ಬೆಚ್ಚಗಿನ ದ್ರವ ಕೂದಲೆಳೆಯಷ್ಟು ಆವಿಯಾದರೂ ಪಂಪು ಅಷ್ಟೇ ನೀರು ಸೇರಿಸಿ ಆರು ನಲವತ್ತಕ್ಕೇ ತಂದು ನಿಲ್ಲಿಸುತ್ತಿತ್ತು. ಊರಿನ ಧೈರ್ಯಕ್ಕೆಂದು ನಾವೆಲ್ಲ ಸೇರಿ ಅಲುಗಾಡದಂತೆ ಕಾಯ್ದ ಗೆರೆಯೇ ಗೋಡೆಯನ್ನು ಕೊರೆಯುತ್ತಿತ್ತು.

ನಮ್ಮ ಮುಖ್ಯಸ್ಥರು ಪದ್ಮರಾಜ ಸಾಹೇಬರು, ದಕ್ಷಿಣದ ಕಡೆಯವರು, ಮೆತ್ತಗಿನ ಮನುಷ್ಯ. ಪರದೆಯನ್ನು ಎಷ್ಟೋ ಹೊತ್ತು ನೋಡಿದರು.

"ಗೆರೆಯ ಹತ್ತಿರ ತೂತು ಬಿದ್ದರೆ ಮೇಲಿನ ಒಂದಿಷ್ಟು ಜಿನುಗಬಹುದು. ಅಷ್ಟೇ ತಾನೆ?"

"ಗುಳಿಯಿಂದ ಬಿರುಕು ಹುಟ್ಟಿದರೆ ಅದು ಗೆರೆ ನೋಡಿ ನಿಲ್ಲುವುದಿಲ್ಲ ಸಾರ್. ಬುಡದವರೆಗೂ ಸೀಳಬಹುದು. ಹೊರಗಿನ ಕಾಂಕ್ರೀಟು ಆಗಲೇ ಬಿರಿದಿದೆ. ಅದರ ಕೆಳಗಿರುವುದು ಊರಿನ ಬೋರ್‌ವೆಲ್ಲುಗಳ ನೀರು."

"ಎಷ್ಟು ಸಮಯ ಇದೆ?"

"ಮುಂದಿನ ಬೇಸಿಗೆ ಎನ್ನುತ್ತದೆ ಯಂತ್ರ. ನಾನಾದರೆ ಅಷ್ಟು ನಂಬಿ ಕೂರಲ್ಲ. ಈಗಲೇ ಅರ್ಧ ಮೀಟರು ಎರಡನೇ ತೊಟ್ಟಿಗೆ ಇಳಿಸಬೇಕು. ಅಲ್ಲಿಗೂ ಮುಗಿಯೋದಿಲ್ಲ, ಹೊಸ ಮಟ್ಟದಲ್ಲೂ ಹೀಗೇ ನಿಲ್ಲಿಸಿದರೆ ಹೊಸ ಗೆರೆ ಬೀಳುತ್ತೆ. ಇನ್ನು ಮುಂದೆ ಮಟ್ಟ ಸದಾ ಮೇಲೆ ಕೆಳಗೆ ಆಡ್ತಾ ಇರಬೇಕು."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಹಿಂದೊಮ್ಮೆ ಗಾಜಿಗೆ ಮಂಜು ಹಿಡಿದು ಅಂಕಿ ಕಾಣದ ದಿನ ಅರ್ಧ ಊರು ಟ್ರ್ಯಾಕ್ಟರು ಹತ್ತಿ ಹೊರಟಿತ್ತು. ನೂಕುನುಗ್ಗಲಿನಲ್ಲಿ ಒಬ್ಬ ಬಸುರಿ ಬಿದ್ದಿದ್ದಳು. ಅದನ್ನು ಅವರು ಮರೆತಿರಲಿಲ್ಲ.

"ಅಳತೆಪಟ್ಟಿಯನ್ನೇ ಅರ್ಧ ಮೀಟರು ಕೆಳಗೆ ಸರಿಸಿಬಿಟ್ಟರೆ?" ಎಂದರು ನಿಧಾನವಾಗಿ. "ದ್ರವ ಇಳಿಯುತ್ತೆ, ಪಟ್ಟಿಯೂ ಇಳಿಯುತ್ತೆ. ಗಾಜಿನಲ್ಲಿ ಆರು ನಲವತ್ತೇ ಕಾಣುತ್ತೆ. ಯಾರಿಗೂ ನೋವಿಲ್ಲ."

"ಮುಂದೆ ಪ್ರತಿ ಸಲವೂ ಸರಿಸಬೇಕಾಗುತ್ತೆ ಸಾರ್. ಒಂದು ದಿನ ನಿಜವಾಗಿ ಸೋರಿದಾಗಲೂ ಗಾಜಿನಲ್ಲಿ ಆರು ನಲವತ್ತೇ ಕಾಣುತ್ತೆ."

"ಹಾಗಾದರೆ ಸಭೆಯನ್ನು ನೀವೇ ಒಪ್ಪಿಸಿ. ಒಪ್ಪದಿದ್ದರೆ ನಾನು ಪಟ್ಟಿ ಸರಿಸುತ್ತೇನೆ ಮಹಾನಂದಾ. ಜನ ನನ್ನನ್ನು ಬೈದುಕೊಳ್ಳಲಿ, ನೀರು ಕೆಡುವುದು ಬೇಡ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಸಭೆ ಒಪ್ಪಬೇಕೆಂದರೆ ಮೊದಲು ಗುರವ್ವ ಒಪ್ಪಬೇಕು. ಅವರನ್ನು ಒಪ್ಪಿಸಲು ಹೊರಟವರ್‍ಯಾರೂ ಮರ್ಯಾದೆಯಿಂದ ವಾಪಸು ಬಂದದ್ದನ್ನು ನಾನು ನೋಡಿಲ್ಲ.

ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನನ್ನ ಗಂಡ ಪ್ರಭುಲಿಂಗ ನಮ್ಮಿಬ್ಬರ ಮುಖ ನೋಡಿದವನೇ, ಶಾಲೆಯ ಕೆಲಸವಿದೆಯೆಂದು ಚಪ್ಪಲಿ ಮೆಟ್ಟಿದ. ಮೇಷ್ಟರಿಗೆ ಭಾನುವಾರ ಎಂಥ ಶಾಲೆಯೋ. ನಾನು ಒಲೆಯ ಪಕ್ಕ ಕೂತು, ಗೆರೆ, ಪೊರೆ, ಕ್ಷಾರ ಎಲ್ಲವನ್ನೂ ಹೇಳಿದೆ. ಪಂಪಿನ ಮಾತು ಬಂದಾಗ ಅತ್ತೆಯ ಕೈ ನಿಂತಿತು.

"ನೀರು ಹಾಕ್ತೀರಿ? ದಿನಾ?"

"ಬಿಸಿ ಇರತೈತಲ್ರೀ ಅತ್ತಿ, ಆವಿಯಾಗಿ ಹೋಗತೈತಿ. ಹೋದಷ್ಟು ಹಾಕ್ತೀವಿ."

"ಅಂದ್ರ, ನಾವು ದಿನಾ ನೋಡೋದು ನೀವು ತಂದು ನಿಲ್ಲಿಸಿದ ಮಟ್ಟ."

ಬಿಸಿ ದ್ರವಕ್ಕೆ ನೀರು ಸೇರಿಸುವುದು ನಮ್ಮ ಕೊಠಡಿಯಲ್ಲಿ ಉಸಿರಾಡಿದಷ್ಟು ಸಹಜ. ಅದು ಊರಿಗೆ ಗೊತ್ತಿದೆಯೋ ಇಲ್ಲವೋ ಎಂದು ನಮ್ಮಲ್ಲಿ ಯಾರೂ ಯೋಚಿಸಿರಲೇ ಇಲ್ಲ.

"ಹಂಗಾರ ತೊಟ್ಟಿ ಸೋರಿದ್ರೂ ಗಾಜಿನ್ಯಾಗ ಆರು ನಲವತ್ತ ಕಾಣತಿತ್ತು?"

"ಸೋರಿದ್ರ ಪಂಪು ಹೆಚ್ಚು ನೀರು ಕೇಳತಿತ್ರೀ. ಗೊತ್ತಾಗಿಬಿಡತಿತ್ತು."

"ಯಾರಿಗೆ?"

"ನಮಗ."

"ನಿಮಗ," ಎಂದರು ಅತ್ತೆ. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬರುತ್ತಿತ್ತು. "ಚಳಿಯಾಗ, ಬಿಸಿಲಾಗ ಆ ಗೇಟಿನ ಮುಂದ ಕುಂತಿದ್ದು ನಿಮಗ ಗೊತ್ತಾಗ್ಲಿ ಅಂತ ಅಲ್ಲವಾ. ನಮಗ ಗೊತ್ತಾಗ್ಲಿ ಅಂತ. ಈಗ ಬಂದು ಇಳಸ್ತೀವಿ ಅಂತೀ. ಅವ್ರೂ ಹಿಂಗ ಹೇಳಿದ್ರು, ಇಳದೈತಿ, ಏನೂ ಆಗಂಗಿಲ್ಲ ಅಂತ. ನಿನ್ನ ಮಾವ ಅದ ಮಾತು ನಂಬಿ ಆ ಬಾವಿ ನೀರು ಕುಡದ್ರು."

ಮಾವನವರ ಗಂಟಲಿನ ಕಾಯಿಲೆ ಮನೆಯಲ್ಲಿ ಯಾರೂ ಎತ್ತದ ಮಾತು. ಅತ್ತೆಯೇ ಎತ್ತಿದ್ದರು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. "ಯಾರಿಗೂ ಹೇಳದಂಗ ಒಳಗಿನ ಅಳತಿಪಟ್ಟಿನ ಕೆಳಗ ಸರಿಸಿಬಿಡಬಹುದಿತ್ರೀ ಅತ್ತಿ. ನಿಮ್ಮ ಮುಂದ ಬಂದು ಕುಂತೀನಿ," ಎಂದು ಎದ್ದುಬಂದೆ.

ಕೆಲವು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ತಾಟು ಮಾತ್ರ ನನ್ನ ಮುಂದೆ ತಂದಿಟ್ಟು ಹೋಗುತ್ತಿದ್ದರು. ಆಮೇಲೊಂದು ಬೆಳಗ್ಗೆ, ನಾನು ಕೆಲಸಕ್ಕೆ ಹೊರಟಾಗ, ಸೆರಗು ಹೊದ್ದು ಜೊತೆಗೇ ಹೊರಟರು. ಗೇಟಿನ ಹತ್ತಿರ ಕಲ್ಲವ್ವ ಕಾಯುತ್ತಿದ್ದಳು. ಚಳವಳಿಯ ಕಾಲದಲ್ಲಿ ಇಬ್ಬರೂ ಒಂದೇ ಕಂಬಳಿ ಹೊದ್ದು ಮಲಗಿದವರು. ಕಲ್ಲವ್ವನ ಬಾಯಿಗೆ ಪೊಲೀಸರೇ ಹಿಂದೆ ಸರಿಯುತ್ತಿದ್ದರಂತೆ.

ನಿಯಂತ್ರಣ ಕೊಠಡಿಯಲ್ಲಿ ಅತ್ತೆಗೆ ಸದ್ದು ಕೇಳಿಸಿದೆ. ಕಣ್ಣುಮುಚ್ಚಿ ಕೇಳಿದರು.

"ಡಬ್ಬಿಯೊಳಗ ಯಾವ ಸದ್ದು ಬೇಕಾದ್ರೂ ತುಂಬಬಹುದು," ಎಂದಳು ಕಲ್ಲವ್ವ.

"ಖರೇ ಐತಿ," ಎಂದರು ಅತ್ತೆ. "ನಂದಾ, ನನಗ ಕೇಳಸಬ್ಯಾಡ. ಏನಾರ ತೋರಸೋದಿದ್ರ ತೋರಸು."

ತೋರಿಸುವಂಥದ್ದು ಒಂದು ಇತ್ತು. ತೊಟ್ಟಿ ಕಟ್ಟಿದಾಗ ಅದೇ ಉಕ್ಕಿನದೊಂದು ಉದ್ದನೆಯ ತುಂಡನ್ನು ಒಳಗೆ ತೂಗುಬಿಟ್ಟಿರುತ್ತಾರೆ. ಗೋಡೆ ಎಷ್ಟು ಸವೆದಿದೆ ಎಂದು ಆಗಾಗ ಎತ್ತಿ ನೋಡಲೆಂದೇ ಅದು ಇರುವುದು. ನಮ್ಮದನ್ನು ಯಾರೂ ಎತ್ತಿರಲಿಲ್ಲ. ಎತ್ತಬೇಕಾದರೆ ಮುಚ್ಚಳ ತೆರೆಯಬೇಕು, ಮುಚ್ಚಳ ತೆರೆದರೆ ಊರು ಬೆಚ್ಚುತ್ತದೆ, ಆ ರಗಳೆಯೇ ಬೇಡವೆಂದು ಹಿಂದಿನವರೂ ಬಿಟ್ಟಿದ್ದರು, ನಾವೂ ಬಿಟ್ಟಿದ್ದೆವು. ಈಗ ಅತ್ತೆ, "ತೆಗೀರಿ, ಊರಿಗೆ ನಾ ಹೇಳ್ತೀನಿ," ಎಂದರು. ಗುರವ್ವ ಹೇಳಿದರೆಂದು ಟ್ರ್ಯಾಕ್ಟರುಗಳು ಮನೆಗಳ ಮುಂದೆಯೇ ನಿಂತವು, ಯಾರೂ ಊರು ಬಿಡಲಿಲ್ಲ.

ಸೀಸದ ಗಾಜಿನ ಈಚೆ ನಾವು ಮೂವರು, ಆಚೆ ಯಂತ್ರದ ಕೈ. ಉಕ್ಕಿನ ತುಂಡು ಮೆಲ್ಲಗೆ ಮೇಲೆ ಬಂತು. ಮೇಲಿನ ಭಾಗ ಮಾಸಿತ್ತು, ಆದರೆ ಗಟ್ಟಿಯಾಗಿತ್ತು. ದ್ರವದಲ್ಲಿ ಮುಳುಗಿದ್ದ ಭಾಗಕ್ಕೆ ಅಂಗಡಿಯಿಂದ ತಂದ ಹೊಳಪು. ಎರಡೂ ಸೇರುವ ಕಡೆ ಸುತ್ತಲೂ ಇಲಿ ಕಡಿದಂತೆ ಒಂದು ಗೀರು. ಯಂತ್ರದ ಕೈ ಅದನ್ನು ನಮ್ಮ ಕಡೆ ತಿರುಗಿಸಿತು. ತಿರುಗಿಸುತ್ತಿದ್ದಂತೆಯೇ ತುಂಡು ಆ ಗೀರಿನಲ್ಲಿ ಮುರಿದು, ಕೆಳಗಿನ ಅರ್ಧ ಟಣ್ಣೆಂದು ತಟ್ಟೆಗೆ ಬಿತ್ತು.

"ಆ ಕೈ ಮುರೀತು!" ಎಂದು ಕಲ್ಲವ್ವ ಕೂಗಿದಳು. "ನಾ ನೋಡೀನಿ. ತಿರುವಿ ಮುರೀತು."

ಅತ್ತೆ ಹಣೆಯನ್ನು ಗಾಜಿಗೆ ಒತ್ತಿ ನಿಂತಿದ್ದರು. "ಅದು ನಾ ಹಾಕಿದ ಗೆರಿ," ಎಂದರು. "ನಾ ಹಟ ಹಿಡದು ನಿಲ್ಲಿಸಿದ್ದು." ಅವರ ಕೈ ಹಿಡಿದುಕೊಂಡೆ. ರೊಟ್ಟಿ ಬಡಿದು ಗಟ್ಟಿಯಾದ ಕೈ. ಮದುವೆಯಾಗಿ ಬಂದಾಗಿನಿಂದ ನಾನು ಹೆದರಿಕೊಂಡೇ ಇದ್ದ ಹೆಂಗಸನ್ನು ಆವತ್ತು ಮೊದಲ ಸಲ ಅಪ್ಪಿಕೊಳ್ಳಬೇಕೆನಿಸಿತು.

ಸಭೆಯಲ್ಲಿ ಅವರು ಉದ್ದ ಮಾತಾಡಲಿಲ್ಲ. ಪಂಪಿನ ವಿಷಯವನ್ನು ಮುಚ್ಚಿಡದೆ ಹೇಳಿದರು. ಜನ ಎದ್ದುನಿಂತು ಬೈದರು, ನಾನೂ ಪದ್ಮರಾಜರೂ ತಲೆ ತಗ್ಗಿಸಿ ಬೈಸಿಕೊಂಡೆವು. ಆಮೇಲೆ ಅತ್ತೆ ಹೊಸ ಕರಾರು ಹೇಳಿದರು. ಎರಡನೇ ತೊಟ್ಟಿಗೂ ಒಂದು ಗಾಜು ಹಾಕಬೇಕು. ಇಲ್ಲಿ ಬೆರಳಷ್ಟು ಇಳಿದರೆ ಅಲ್ಲಿ ಬೆರಳಷ್ಟು ಏರಿದ್ದು ಕಾಣಬೇಕು. ಪಂಪಿಗೆ ಹೋಗುವ ನೀರಿನ ಮೀಟರು ಗೇಟಿನ ಹೊರಗೆ ಇರಬೇಕು. ಪಾಳಿಯವರು ಮೂರನ್ನೂ ನೋಡಿ, ತಾಳೆ ಹಾಕಿ, ಹಲಗೆಯ ಮೇಲೆ ಬರೆಯಬೇಕು.

"ಅಂಕಿ ದಿನಾ ಬ್ಯಾರೆ ಬ್ಯಾರೆ ಬಂದ್ರ ಯಾವುದನ್ನ ನಂಬೋದು?" ಎಂದಳು ಕಲ್ಲವ್ವ. "ಆರು ನಲವತ್ತಂದ್ರ ನನ್ನ ಮೊಮ್ಮಗಳಿಗೂ ತಿಳೀತಿತ್ತು. ಗುರವ್ವ, ಸೊಸಿ ಮಾತಿಗೆ ಊರು ಮಾರಿದಿ." ಸೆರಗು ಕೊಡವಿ ಎದ್ದು ಹೋದಳು, ಅವಳ ಹಿಂದೆ ಬಹಳ ಜನ ಹೋದರು. ಉಳಿದವರು ಕೈ ಎತ್ತಿ, ಒಪ್ಪಿಗೆ ಹೇಗೋ ದಾಟಿತು.

ಇಳಿಸುವ ದಿನ ನಾನು ಪರದೆಯ ಮುಂದೆ ಇದ್ದೆ, ಅತ್ತೆ ಗಾಜಿನ ಮುಂದೆ. ಅವರ ಕೈಯಲ್ಲಿ ಮೈಕು. ಅವರು ಕೂಗುವ ಅಂಕಿ ಗೇಟಿನ ಹೊರಗೆ ನೆರೆದವರಿಗೂ ನನಗೂ ಒಟ್ಟಿಗೇ ಕೇಳಿಸುತ್ತಿತ್ತು. ಕವಾಟ ತೆರೆಯಿತು. ದ್ರವ ಗೆರೆ ಬಿಟ್ಟು ಇಳಿದದ್ದು ನನ್ನ ಪರದೆಯಲ್ಲಿ ಕಂಡಿತು, ಸ್ಪೀಕರಿನಲ್ಲಿ ಮಾತ್ರ ದನಿ ಇಲ್ಲ. ಅತ್ತೆ ಎಚ್ಚರ ತಪ್ಪಿದರೋ ಎಂದು ಎದ್ದುನಿಂತೆ. ಆಗ ಬಂತು, ಒಡೆದ ದನಿಯಲ್ಲಿ: "ಆರು ಮೂವತ್ತೊಂಬತ್ತು."

ಹೊರಗೆ ಹೋ ಎಂಬ ಗದ್ದಲ. ಯಾರೋ ಅವರ ಹೆಸರು ಹಿಡಿದು, ಬರೆಯಬಾರದ ಮಾತಿನಲ್ಲಿ ಬೈದರು; ಅದೂ ಮೈಕಿಗೆ ಸಿಕ್ಕಿತು. ಆರು ಮೂವತ್ತೆಂಟು ಎಂದರು ಅತ್ತೆ. ಆರು ಮೂವತ್ತೇಳು. ಗಾಜಿನ ಕೋಣೆಯ ತಗಡಿಗೆ ಕಲ್ಲು ಬಿದ್ದ ಸದ್ದು, ಅದರ ಹಿಂದೆಯೇ ಮುಂದಿನ ಅಂಕಿ. ಐದು ತೊಂಬತ್ತರವರೆಗೆ ಒಂದನ್ನೂ ಬಿಡದೆ ಕೂಗಿದರು. ಎರಡನೇ ಗಾಜಿನ ಹತ್ತಿರ ಇದ್ದ ಪ್ರಭುಲಿಂಗ ಅಲ್ಲಿ ಏರಿದ್ದನ್ನು ಕೂಗಿದ. ಎರಡೂ ತಾಳೆಯಾದವು. ಆ ವಾರದಲ್ಲೇ ಅರಳಿನ ಸದ್ದು ವಿರಳವಾಗುತ್ತ ಬಂದು, ಆಮೇಲೆ ನಿಂತುಹೋಯಿತು. ನಾನು ಹೆಡ್‌ಫೋನು ತೆಗೆದಿಟ್ಟು ಮೇಜಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತುಬಿಟ್ಟೆ; ಪದ್ಮರಾಜರು ಕಾಣದವರ ಹಾಗೆ ಹೊರಗೆ ಹೋದರು.

ಗೋಡೆ ಉಳಿಯಿತು, ಕಷ್ಟ ಆಮೇಲೆ ಶುರುವಾಯಿತು. ಜನ ಗಲಾಟೆ ಮಾಡುತ್ತಾರೆಂದು ಹೆದರಿದ್ದೆವು. ಗಲಾಟೆ ಆಗಲಿಲ್ಲ, ಜನ ಬರುವುದನ್ನೇ ಬಿಟ್ಟರು. ನಾಲ್ಕಾರು ದಿನ ಬಂದವರು, ಅಂಕಿ ಒಮ್ಮೆ ಇಳಿದು ಒಮ್ಮೆ ಏರುವುದನ್ನು ಕಂಡು, ಇದರಲ್ಲಿ ನೋಡುವುದೇನಿದೆ, ಅವರು ಇಳಿಸುತ್ತಾರೆ, ಅವರು ಏರಿಸುತ್ತಾರೆ ಎಂದು ಪಾಳಿ ತಪ್ಪಿಸತೊಡಗಿದರು. ಮದುವೆಯಾಗಿ ಬಂದ ಹುಡುಗಿಯರು ಗಾಜಿನ ಕಡೆ ಹಾಯಲಿಲ್ಲ. ಪದ್ಮರಾಜರಿಗೆ ನಿರಾಳವಾಗಿತ್ತು. ನನಗಲ್ಲ. ಯಾರೂ ನೋಡದ ಗಾಜಿನ ಹಿಂದೆ ಪಟ್ಟಿ ಸರಿಸುವ ಮನಸ್ಸು ಇನ್ನೊಬ್ಬ ಸಾಹೇಬನಿಗೆ ಬಂದೀತು, ಅಥವಾ ನನ್ನಂಥವಳೇ ಒಂದು ದಿನ ಸೋಮಾರಿಯಾದಾಳು.

ಅತ್ತೆ ಮಾತ್ರ ದಿನಾ ಹೋದರು. ಎಲ್ಲರ ಪಾಳಿಯೂ ಅವರದೇ ಆಯಿತು. ಮಂಡಿನೋವಿನಲ್ಲಿ ಏಳೆಂಟು ಸಲ ಕೂತು ಎದ್ದು ದಿಬ್ಬ ಹತ್ತುತ್ತಿದ್ದರು. ಹಲಗೆಯ ಮೇಲೆ ಅವರು ಬರೆದ ಮೂರು ಅಂಕಿಗಳನ್ನು ಓದುವವರಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವರು ಬಂದರೆ ಬೆಂಚು ಖಾಲಿಯಾಗುತ್ತಿತ್ತು. ಮನೆಯಲ್ಲಿ ನಾನು, "ಬಿಡ್ರೀ ಅತ್ತಿ, ಕೇಳುಪಟ್ಟಿ ಐತಲ್ಲ, ನಾ ನೋಡ್ಕೋತೀನಿ," ಎಂದೆ. "ನೀ ನೋಡ್ಕೋತೀ," ಎಂದರು. "ನಿನ್ನ ನಂಬೀನಿ. ಅದ ನನಗ ಚಿಂತಿ."

ಮಳೆಗಾಲ ಕಳೆದು ಚಳಿ ಶುರುವಾಗಿತ್ತು. ಅತ್ತೆಗೆ ಜ್ವರ ಬಂದಿದ್ದರಿಂದ ಆವತ್ತು ನಾನೇ ಅವರ ತೋಳು ಹಿಡಿದು ದಿಬ್ಬ ಹತ್ತಿಸಿದೆ. ಗಾಜಿನ ಕೋಣೆಯ ಬಾಗಿಲು ಆಗಲೇ ತೆರೆದಿತ್ತು. ಒಳಗೆ ಕಲ್ಲವ್ವ, ಬಗ್ಗಿ ಕೊಳವೆಗೆ ಕಣ್ಣಿಟ್ಟಿದ್ದಳು. ಅವಳ ಪಕ್ಕ ಮೊಮ್ಮಗಳು, ಬೆರಳು ಮಡಿಚಿ ಏನನ್ನೋ ಕೂಡಿಸುತ್ತಿತ್ತು.

ನಮ್ಮನ್ನು ಕಂಡು ಕಲ್ಲವ್ವ ಸೊಂಟ ನೆಟ್ಟಗೆ ಮಾಡಿಕೊಂಡಳು. "ನಿನ್ನೆ ನೀ ಬರೆದದ್ದು ತಪ್ಪೈತಿ," ಎಂದಳು ಅತ್ತೆಗೆ, ನಮಸ್ಕಾರ ಗಿಮಸ್ಕಾರ ಒಂದೂ ಇಲ್ಲದೆ. "ಆ ತೊಟ್ಟಿದೂ ಈ ತೊಟ್ಟಿದೂ ತಾಳೆ ಆಗಂಗಿಲ್ಲ. ಒಂದು ಬೊಟ್ಟು ಕಡಿಮಿ ಬರತೈತಿ."

ಸೋರಿಕೆಯೇ ಇರಬೇಕು ಎಂದುಕೊಂಡೆ. ಅತ್ತೆ ಅವಳನ್ನು ಸರಿಸಿ ಗಾಜಿಗೆ ಕಣ್ಣಿಟ್ಟರು, ಎರಡನೆಯದಕ್ಕೂ ಇಟ್ಟರು. ಆಮೇಲೆ ಹೊರಗೆ ಬಂದು ಹಲಗೆ ನೋಡಿದರು. ಜ್ವರದ ಕಣ್ಣಿನಲ್ಲಿ ಅವರೇ ಒಂದು ಅಂಕಿಯನ್ನು ತಪ್ಪು ಬರೆದಿದ್ದರು. ತೊಟ್ಟಿಗಳು ಸರಿಯಾಗಿಯೇ ಇದ್ದವು.

"ತಪ್ಪು ನನ್ನದ," ಎಂದರು.

"ಹಂಗಾರ ನಾಳಿಂದ ನಾ ಬಂದು ನೋಡ್ತೀನಿ. ನಿನ್ನ ಬರಹ ನಾ ನಂಬಂಗಿಲ್ಲ. ನಿನ್ನ ಸೊಸಿದಂತೂ ಮೊದಲ ನಂಬಂಗಿಲ್ಲ."

"ನಂಬಬ್ಯಾಡ," ಎಂದರು ಅತ್ತೆ. "ನೋಡು."

ಸುಣ್ಣದ ತುಂಡನ್ನು ಕಲ್ಲವ್ವನ ಕೈಗೆ ಕೊಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಕಲ್ಲವ್ವ ತಪ್ಪಿದ್ದ ಅಂಕಿಯನ್ನು ಒರೆಸಿ, ಮೊಮ್ಮಗಳಿಗೆ ಕಾಣುವ ಹಾಗೆ ದೊಡ್ಡದಾಗಿ ಬರೆಯತೊಡಗಿದಳು.